ಹನ್ನೊಂದು ಗಂಟು

ನಾನು ಇಲ್ಲಿ ಹಣ್ಣು ಹೆಚ್ಚುವವಳು, ಡಾಕ್ಟರಲ್ಲ.
ಬೆಳಿಗ್ಗೆ ಆರಕ್ಕೆ ಗೆಣಸು, ಕೋಸು, ಬೇಯಿಸಿದ ಮೊಟ್ಟೆ.
ಬಾಳೆಹಣ್ಣು ಮಾತ್ರ ಇಲ್ಲ. ಕೇಳಿದವರೆಲ್ಲ ನಗುತ್ತಾರೆ,
ಮಂಗಕ್ಕೆ ಬಾಳೆಹಣ್ಣಿಲ್ಲವೇ? ಇಲ್ಲ. ಸಕ್ಕರೆ ಜಾಸ್ತಿ.

ಬೆಡೋಸ್ ಡಾಕ್ಟರೂ ನಕ್ಕಿದ್ದರು, ಮೊದಲ ದಿನ,
ಸಗಣಿ ಮೆತ್ತಿದ ಬೂಟನ್ನು ಔಷಧಿ ನೀರಿನ ತಟ್ಟೆಯಲ್ಲಿ ಅದ್ದುತ್ತ.
ಲಡ್ಲೋ ಸುತ್ತಿನ ಕೊಟ್ಟಿಗೆಗಳಲ್ಲಿ ಮೂವತ್ತೊಂದು ವರ್ಷ
ಭುಜದವರೆಗೆ ತೋಳು ತೂರಿಸಿ
ಕತ್ತಲೊಳಗೆ ಕರುವಿನ ಗೊರಸು ಹುಡುಕಿದವರು.
ಅವರ ಕೈ ನೋಡಬೇಕು ನೀವು: ಒಂದೊಂದು ಬೆರಳೂ
ಗುದ್ದಲಿಯ ಹಿಡಿ.
ಮಂಗಗಳ ಡಾಕ್ಟರು ಕೆಲಸ ಬಿಟ್ಟು ಹೋಗಿ
ಹತ್ತಿರದಲ್ಲಿ ಬೇರೆ ಯಾರೂ ಸಿಗದೆ, ಇವರು.

ಟಾಫಿ ಬಂದದ್ದು ಡಡ್ಲಿಯ ಒಂದು ಫ್ಲಾಟಿನಿಂದ.
ಒಂಬತ್ತು ವರ್ಷ ಫ್ರಾಕು ತೊಡಿಸಿದ್ದರು; ಈಗಲೂ ಸೊಂಟದ ಸುತ್ತ
ಎಲಾಸ್ಟಿಕ್ಕಿನ ಗುರುತು, ಅಲ್ಲಿ ಕೂದಲು ಹುಟ್ಟುವುದಿಲ್ಲ.
ಕೋರೆಹಲ್ಲು ಕೀಳಿಸಿದ್ದರು.
ಚಹಾಕ್ಕೆ ಅದ್ದಿದ ಬಿಸ್ಕತ್ತು ತಿಂದು ತಿಂದು ಸಕ್ಕರೆ ಕಾಯಿಲೆ.
ಎರಡೂಕಾಲು ಕೆಜಿ ಜೀವ,
ಕುಳಿತಲ್ಲೇ ತನ್ನ ಮುಂಗೈ ತಾನೇ ಕೆದರುತ್ತದೆ.

ಡಾಕ್ಟರು ಹೊಲಿದರು. ಹನ್ನೊಂದು ಹೊಲಿಗೆ,
ಕೆಚ್ಚಲು ಸೀಳಿದ ಹಸುವಿಗೂ ಇಷ್ಟು ನಾಜೂಕಾಗಿ ಹೊಲಿದವರಲ್ಲ,
ಕನ್ನಡಕದ ಮೇಲೊಂದು ಭೂತಗನ್ನಡಿ ಇಟ್ಟು, ಉಸಿರು ಹಿಡಿದು.
ಬೆಳಿಗ್ಗೆ ನಾನು ನೋಡುವಾಗ ಹನ್ನೊಂದು ದಾರದ ತುಣುಕು
ಹಲಗೆಯ ಮೇಲೆ ಸಾಲಾಗಿ.
ಒಂದೂ ಹರಿದಿರಲಿಲ್ಲ. ಬಿಚ್ಚಿದ್ದು.

ಮತ್ತೆ ಹೊಲಿದರು. ಮತ್ತೆ ಬಿಚ್ಚಿದಳು.
ಹಸಿರು ಕೋಟು ಕಂಡರೆ ಸಾಕು, ಮೂಲೆ ಸೇರಿ ಹಲ್ಲು ಕಿಸಿಯುವಳು.
"ನಗುತ್ತಾಳಲ್ಲ," ಅಂದರು ಡಾಕ್ಟರು.
ನಗುವಲ್ಲ ಸರ್, ಅಂದೆ. ಹೆದರಿಕೆ.
ಅಷ್ಟು ದೊಡ್ಡ ಮನುಷ್ಯ
ಬಕೆಟ್ ಬೋರಲು ಹಾಕಿ ಕುಳಿತುಬಿಟ್ಟರು.

ಕೋತಿ ಹುಣ್ಣು ಬ್ರಹ್ಮರಾಕ್ಷಸ ಅನ್ನುತ್ತಿದ್ದಳು ನಮ್ಮಜ್ಜಿ,
ರಾಣೆಬೆನ್ನೂರಿನಲ್ಲಿ, ನಾನು ಮೊಣಕಾಲಿನ ಹಕ್ಕಳೆ ಕಿತ್ತಾಗೆಲ್ಲ.
ಅದನ್ನೇ ಇಂಗ್ಲಿಷಿನಲ್ಲಿ ಹೇಳಲು ಹೋದೆ.
ರಾಕ್ಷಸ ಬರಲಿಲ್ಲ ಆ ಭಾಷೆಗೆ, ಬ್ರಹ್ಮನಂತೂ ಬರಲೇ ಇಲ್ಲ.
ಹುಣ್ಣು ಮಾತ್ರ ಅರ್ಥವಾಯಿತು.
"ಕೋತಿ ಯಾಕೆ ಕೆದರುತ್ತೆ?" ಕೇಳಿದರು.
ಅಜ್ಜಿಯನ್ನು ಯಾರೂ ಕೇಳಿರಲಿಲ್ಲ ಇದನ್ನು.
ಕೈಗೆ ಬೇರೆ ಕೆಲಸ ಇರಲ್ಲ ಸರ್,
ಬಾಯಿಗೆ ಬಂದದ್ದು ಹೇಳಿದೆ.

ಮರುದಿನ ಹಸಿರು ಕೋಟಿಲ್ಲ. ಹಳೇ ಸ್ವೆಟರು, ಮೊಣಕೈಯಲ್ಲಿ ತೂತು.
ಪಂಜರಕ್ಕೆ ಬೆನ್ನು ಹಾಕಿ ಕುಳಿತು, ಜೇಬಿನಿಂದ
ಹುಲ್ಲಿನ ಪಿಂಡಿ ಕಟ್ಟುವ ಕಿತ್ತಳೆ ಹುರಿ ತೆಗೆದರು
(ಅದಿಲ್ಲದೆ ಈ ಸೀಮೆಯ ಒಂದು ಗೇಟೂ ನಿಲ್ಲುವುದಿಲ್ಲ),
ಬಟ್ಟೆ ಚೂರಿನಲ್ಲಿ ಒಂದು ಆಕ್ರೋಟು ಸುತ್ತಿ
ಗಂಟಿನ ಮೇಲೆ ಗಂಟು, ಹನ್ನೊಂದು.
ಹಿಂದಕ್ಕೆ ನೋಡದೆ ಸರಳಿನ ಸಂದಿಗೆ ನೂಕಿದರು.

ಎಷ್ಟು ಹೊತ್ತು! ನನ್ನ ಗೆಣಸೆಲ್ಲ ಹೆಚ್ಚಿ ಮುಗಿದಿತ್ತು.
ಆಮೇಲೆ ಕಟ್, ಕಟ್,
ಕಾಯಿಯನ್ನು ಹಲಗೆಗೆ ಕುಟ್ಟುವ ಸದ್ದು.
ಡಾಕ್ಟರು ತಿರುಗಲಿಲ್ಲ. ಕಿವಿ ಮಾತ್ರ ಕೆಂಪಗಾಯಿತು.
ಹೋಗುವಾಗ ಹುರಿ ಅಳೆದು ನೋಡಿ, ಮಡಚಿ ಜೇಬಿಗಿಟ್ಟರು;
ಪ್ರಾಣಿಯ ಬಳಿ ಹುರಿ ಬಿಟ್ಟುಹೋಗುವ ಆಸಾಮಿಯಲ್ಲ.

ಈಗ ವಾರಕ್ಕೆ ಆರು ದಿನ ಬರುತ್ತಾರೆ. ಬಿಲ್ಲು ಒಂದೇ ದಿನದ್ದು.
ಗಂಟು ಮುಗಿದ ಮೇಲೆ ಟಾಫಿ ಸೂಜಿಗೆ ತೋಳು ಚಾಚುತ್ತಾಳೆ;
ಅದನ್ನು ಕಲಿಸಿದ್ದು ನಾನು, ಹೇಳಿಕೊಳ್ಳುತ್ತೇನೆ.
ಮೊನ್ನೆ ಹಾಲಿನ ವಾಟ್ಕಿನ್ಸ್ ಕೇಳಿದ, ನಿಮ್ಮ ಬೆಡೋಸ್‌ಗೆ ಏನಾಗಿದೆ?
ಹಸುವಿನ ಹಿಂದಕ್ಕೆ ಹೋಗುವ ಮುಂಚೆ ಮುಂದೆ ನಿಂತು
ಮುಖ ನೋಡುತ್ತಾರೆ, ಸುಮ್ಮನೆ,
ಚಳಿಯಲ್ಲಿ ನಾನು ಟಾರ್ಚು ಹಿಡಿದು ಕಾಯಬೇಕು.

ಗಾಯ ಇನ್ನೂ ಇದೆ.
ರೂಪಾಯಿ ಅಗಲ ಇದ್ದದ್ದು ಶನಿವಾರಕ್ಕೆ ನಾಲ್ಕಾಣೆ.
ಭಾನುವಾರ ಡಾಕ್ಟರು ಬರುವುದಿಲ್ಲ.
ಸೋಮವಾರ ಬೆಳಿಗ್ಗೆ ನೋಡಿದರೆ
ಎಂಟಾಣೆ.